ಎರಡೇ ಗಂಟು

ಏಳು ಕಿಲೋ ಮೀರಬಾರದೆಂದು
ಒಂದೊಂದು ಅಂಗಿಯನ್ನೂ
ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೆ.
ತೋಳು ಮಣಿಕಟ್ಟಿನವರೆಗೆ, ಅಂಚು ಹರಡಿನವರೆಗೆ,
ಕೊರಳು ಕತ್ತಿನ ಗುಳಿ ಮುಚ್ಚುವಷ್ಟು.
ಕನ್ನಡಿಯ ಮುಂದೆ ಕೈಯೆತ್ತಿ ನೋಡಿದ್ದೆ:
ಬಸ್ಸಿನ ಕಂಬಿ ಹಿಡಿದರೆ ಸೊಂಟ ಕಾಣುವುದೆ?
ಬಗ್ಗಿ ನೋಡಿದ್ದೆ.
ದೀಪಕ್ಕೆ ಬೆನ್ನು ಕೊಟ್ಟು ನಿಂತು
ಕಾಲಿನ ನೆರಳು ಬಟ್ಟೆಯಾಚೆ ಇಣುಕುವುದೆ
ಎಂದೂ ನೋಡಿದ್ದೆ.
ಒಂದು ವಾರವಿಡೀ ನನ್ನ ಮೈಯನ್ನು
ಕಂಡರಿಯದ ಯಾವನದೋ ಕಣ್ಣಿಂದ
ನಾನೇ ನೋಡಿದ್ದೆ.

ಕೊನೆಗೆ ಬದಿಯ ಜೇಬಿಗೆ
ಪೇಟೆಯಲ್ಲಿ ಕೊಂಡ ಹಿತ್ತಾಳೆಯುಂಗುರ.
ಇಲ್ಲದ ಗಂಡನ ತೂಕ
ಎರಡು ಗ್ರಾಂ.

ಅತಾರಿನಲ್ಲಿ ಮೇ ತಿಂಗಳು.
ನೆರಳೇ ನೆರಳು ಹುಡುಕುವ ಹೊತ್ತು.
ಎಂಟು ಜನ ತುಂಬಿದ ಕಾರಿನಿಂದಿಳಿದಾಗ
ಬೇಗ ಒಣಗುತ್ತದೆಂದು ಕೊಂಡ ಕಪ್ಪು ನೈಲಾನು
ತೊಗಲಿನ ಹಾಗೆ ಕಚ್ಚಿಕೊಂಡಿತ್ತು.
ಬೆನ್ನ ತುಂಬ ಬೆವರುಸಾಲೆ.
ಆ ಎಂಟರಲ್ಲಿ ಒಬ್ಬಳು
ಬಟ್ಟೆ ವ್ಯಾಪಾರದ ಸಲ್ಕ,
ನನ್ನ ಚೀಲವನ್ನು ತಾನೇ ಎತ್ತಿಕೊಂಡು ಮುಂದೆ ನಡೆದಳು.

ಅಂಗಳದ ಚಾಪೆಯ ಮೇಲೆ
ಕೇಳದೆಯೇ ಸುರಿದಳು ಎಲ್ಲವನ್ನೂ.
ಇಬ್ಬರದೂ ಒಡಕು ಫ್ರೆಂಚ್.
"ಇದು ಒಲೆ," ನೈಲಾನನ್ನು ಎರಡು ಬೆರಳಲ್ಲಿ ಎತ್ತಿ.
"ಇದೂ ಒಲೆ."
ಬಿಳಿಯ ಹತ್ತಿಯಂಗಿ ಹಿಂಡಿ ನೋಡಿ,
ಒದ್ದೆ ಮಾಡಿ, ನೀರಿನ ಕ್ಯಾನಿಗೆ ಸುತ್ತಿದಳು.
"ಇದಕ್ಕೆ ಬುದ್ಧಿಯಿದೆ."

ಉಂಗುರ ಕಂಡಳು. ಬೆರಳಲ್ಲಿ ಹಸಿರು ಗೆರೆ.
"ಗಂಡ?"
ಅಭ್ಯಾಸ ಮಾಡಿದ್ದ ಉತ್ತರ ಹೇಳಿದೆ:
ಎಂಜಿನಿಯರ್, ನಾಳೆ ಬರುತ್ತಾರೆ.
ಚಹಾದ ನೊರೆ ಮೂಗಿಗೇರುವ ಹಾಗೆ ನಕ್ಕಳು.
ತನಗೆ ಮೂರು ಮದುವೆ, ಮೂರೂ ಬಿಟ್ಟಾಯಿತು.
ಮೂರನೆಯದು ಮುರಿದ ದಿನ
ಗೆಳತಿಯರು ಡೋಲು ತಂದು ಬಡಿದರಂತೆ,
ಒಂಟೆಯ ಮಾಂಸ, ಕೈಗೆ ಗೋರಂಟಿ.
ನಾನು ನಾಚಿದ್ದು
ಮೊಣಕೈ ಕಂಡದ್ದಕ್ಕಲ್ಲ.

ವರ್ಷಕ್ಕೆರಡು ಸಲ ಹಡಗಿನ ಊರು ಲಾಸ್ ಪಾಲ್ಮಾಸಿಗೆ
ಸರಕು ತರಲು ಒಬ್ಬಳೇ ಹೋಗುತ್ತಾಳೆ.
"ನಿಮ್ಮಂಥವರ ಊರಿಗೆ ಹೊರಟಾಗ
ಏನು ಉಡಬೇಕೆಂದು ನನಗೆ ಯಾರೂ ಪಟ್ಟಿ ಕೊಡಲಿಲ್ಲ.
ಚಳಿಗೆ ತಮ್ಮನ ಕೋಟು ಹಾಕಿದೆ, ಮೇಲೆ ಇದನ್ನೇ ಸುತ್ತಿದೆ.
ಸಮುದ್ರದಂಡೆಯಲ್ಲಿ ಬರಿಮೈಯಲ್ಲಿ ಬಿದ್ದವರು
ನನ್ನನ್ನು ಬೆತ್ತಲೆ ಕಂಡ ಹಾಗೆ ನೋಡಿದರು."

ಹೀಗೆ ಮುಚ್ಚಿಕೊಳ್ಳುವುದಕ್ಕೆ ಸಿಟ್ಟಿಲ್ಲವೆ? ಕೇಳಿಬಿಟ್ಟೆ.
"ಬಿಸಿಲಿನ ಮೇಲೆ ಸಿಟ್ಟು ಮಾಡಿ ಏನು?
ಗಂಡಸರ ಮೇಲೆ ಮಾಡುತ್ತೇನೆ. ದಿನಾ."

ಆಮೇಲೆ ಎದ್ದು ನಿಲ್ಲಿಸಿದಳು.
ನಾಲ್ಕೂವರೆ ಮೀಟರು ಮೆಲ್ಹಫ,
ಹೊಲಿಗೆಯಿಲ್ಲ, ಗುಂಡಿಯಿಲ್ಲ, ಅಳತೆ ಯಾರದೂ ಅಲ್ಲ.
ಎಡ ಹೆಗಲಿಗೊಂದು ಗಂಟು, ಬಲ ಹೆಗಲಿಗೊಂದು.
ಮೂರನೆಯದೆಲ್ಲಿ ಎಂದು ನನ್ನ ಕತ್ತು
ತಾನಾಗಿ ಬಾಗಿತು.
"ಎರಡೇ," ಅಂದಳು.
ಉಳಿದದ್ದು ತಲೆ ಸುತ್ತಿ ಬೆನ್ನಿಗೆ.
ಒಳಗೆ ಗಾಳಿ ಓಡಾಡಿತು,
ಬಾಡಿಗೆ ಕೊಡದೆ ನುಗ್ಗಿದ ಮಕ್ಕಳ ಹಾಗೆ.
ಹೊಸ ಬಣ್ಣ ಮೊಣಕೈಗೆ ಹತ್ತಿ
ನೀಲಿಯಾದೆ.

ಬೀದಿಯ ತಿರುವಿನಲ್ಲೇ ಗಾಳಿ
ತಲೆಯ ಮೇಲಿನದನ್ನು ಕಿತ್ತು ಎಸೆಯಿತು.
ಸೆರಗನ್ನು ಹಲ್ಲಲ್ಲಿ ಕಚ್ಚಿ ನಿಂತೆ.
ಕತ್ತೆಗಾಡಿಯ ಮುದುಕ, ಪಾಪ,
ಗೋಡೆಯನ್ನು ಓದುತ್ತ ದಾಟಿದ.
ಸಲ್ಕ ತುದಿಗೆ ನನ್ನ ಉಂಗುರ ಕಟ್ಟಿ ನೋಡಿದಳು.
ಹಗುರ. ಗಾಳಿ ಕೇರ್ ಮಾಡಲಿಲ್ಲ.
ಬಿಚ್ಚಿ, ಒಂದು ಕಬ್ಬಿಣದ ಕೀಲಿ ಕಟ್ಟಿದಳು,
ಬೀಗ ಎಂದೋ ಕಳೆದುಹೋದ ಪೆಟ್ಟಿಗೆಯದು.

ಚೀಲ ಈಗ ನಾಲ್ಕು ಕಿಲೋ ಇರಬಹುದು.
ತೂಗಿಲ್ಲ.
ನಡೆದಾಗಲೆಲ್ಲ ಬೆನ್ನಿಗೆ ಟಕ್ ಟಕ್ ಬಡಿಯುತ್ತದೆ
ಎಲ್ಲಿಯೂ ತೆರೆಯದ ಆ ಕೀಲಿ.
ತಿರುಗಿ ನೋಡುತ್ತೇನೆ, ಯಾರೋ ಕರೆದರೆಂದು.